ಮೋತಿಯನ್ನು ಯಾರ ಕೈಗೊಪ್ಪಿಸುವುದು?

ಸ್ವರ್ಗದ ಬಾಗಿಲಲ್ಲಿ ಧರ್ಮರಾಯನಿಗೆ ಒದಗಿದ ಕಷ್ಟ ಸಾಮಾನ್ಯವಾದುದಲ್ಲ. ರಥವನ್ನೇರಬೇಕಾದರೆ ನಾಯಿಯನ್ನು ಬಿಟ್ಟು ಬಾ ಎಂದ ಇಂದ್ರ. ನಂಬಿ ಬಂದುದನ್ನು ಬಿಡಲಾರೆನೆಂದ ಧರ್ಮರಾಯ. ಪುರಾಣದ ನಾಯಿ ಯಮಧರ್ಮನೇ ಆಗಿದ್ದುದರಿಂದ ಕಥೆ ಸುಖವಾಗಿ ಮುಗಿಯಿತು. ಸಂಸಾರಸ್ಥರ ನಾಯಿಯಾದರೋ ಕೊನೆಯವರೆಗೂ ನಾಯಿಯೇ. ಅವರು ಹೊರಡಬೇಕಾದುದೂ ಸ್ವರ್ಗಕ್ಕಲ್ಲ, ಹೈದರಾಬಾದಿನ ಕಣ್ಣಿನ ಆಸ್ಪತ್ರೆಗೆ.

ಹುಮನಾಬಾದಿನ ಮಾಸ್ತರರೊಬ್ಬರಿಗೆ ಇಂಥ ಪ್ರಸಂಗ ಬಂದಿತು. ವೃದ್ಧ ತಾಯಿಯ ಕಣ್ಣಿಗೆ ಶಸ್ತ್ರಕ್ರಿಯೆಯಾಗಬೇಕು. ಮನೆಮಂದಿಯೆಲ್ಲ ಹತ್ತು ದಿನ ಊರಿನಲ್ಲಿರುವುದಿಲ್ಲ. ಮೋತಿಯನ್ನು ಎಲ್ಲಿ ಬಿಡುವುದು?

ಈ ಪ್ರಶ್ನೆಗೆ ಆ ಮನೆಯಲ್ಲಿ ಯಾರೂ ಬೇಗ ಉತ್ತರ ಕೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಸೊಲ್ಲಾಪುರದ ಮದುವೆಗೆ ಹೊರಟಾಗ ಹಿಂದಿನ ನಾಯಿ ರಾಜಾನನ್ನು ಬಸವಕಲ್ಯಾಣದ ಬಂಧುಗಳ ಮನೆಯಲ್ಲಿ ಬಿಟ್ಟಿದ್ದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ. ಹಾಲು, ಅನ್ನ ಎಲ್ಲವೂ ಇದ್ದವು. ಇಲ್ಲದಿದ್ದುದು ಗೇಟಿಗೆ ಒಂದು ಅಗುಳಿ. ಮೂರನೆಯ ದಿನ ಶಾಲೆಗೆ ಹೊರಟ ಹುಡುಗ ಗೇಟನ್ನು ಮುಂದಕ್ಕೆಳೆದು ಹೋದ. ರಾಜಾ ಅದನ್ನು ಮೂತಿಯಿಂದ ತಳ್ಳಿಕೊಂಡು ಹೊರಬಿದ್ದಿತು. ಅದು ಹುಮನಾಬಾದಿನ ದಿಕ್ಕಿಗೆ ಓಡಿದುದನ್ನು ಚಹದಂಗಡಿಯವನು ಕಂಡಿದ್ದನಂತೆ. ಲಾರಿಗಳು ಹಗಲಿರುಳೂ ಹರಿಯುವ ಹೆದ್ದಾರಿ ಅದು. ನಾಯಿ ಮನೆ ಸೇರಲಿಲ್ಲ. ಮಾಸ್ತರರ ತಾಯಿ ಎಷ್ಟೋ ದಿನ ಒಂದು ಜೋಳದ ರೊಟ್ಟಿಯನ್ನು ಬಾಗಿಲ ಬಳಿ ತೆಗೆದಿರಿಸುತ್ತಿದ್ದರು.

ಆದ್ದರಿಂದ ಈ ಸಲ ಮಾಸ್ತರರು ಮೊದಲೇ ಹುಡುಕಲು ಹೊರಟರು. ದೊಡ್ಡ ಊರೊಂದರ ನಾಯಿಗಳ ವಸತಿಗೃಹ ನೋಡಲು ಅಂದವಾಗಿತ್ತು. ಗಾಜಿನ ಬಾಗಿಲು, ಸುವಾಸನೆಯ ಸಾಬೂನು, ಕೂದಲು ಕತ್ತರಿಸುವ ಮೇಜು, ಗೋಡೆಯ ತುಂಬ ಚಿತ್ರಗಳು. “ಬಿಟ್ಟು ಹೋಗ್ರಿ ಸರ್, ಏನೂ ಚಿಂತಿ ಮಾಡಬ್ಯಾಡ್ರಿ” ಎಂದು ನಗುಮುಖದ ತರುಣ ಮುಂಗಡಕ್ಕೆ ಕೈಚಾಚಿದ. ನಾಯಿಗಳು ಮಲಗುವ ಸ್ಥಳವನ್ನು ನೋಡಬಹುದೇ ಎಂದರೆ, ಅವು ಗಾಬರಿಯಾಗುತ್ತವೆಂದು ಹೇಳಿ ತಡೆದ. ಮೋತಿಯ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡನೆಯದು ಬಸವಕಲ್ಯಾಣದಲ್ಲಿಯೇ ಇತ್ತು. ಊರಿನ ಹೆಸರು ಕೇಳಿಯೇ ಮಾಸ್ತರರ ಮಡದಿಯ ಮುಖ ಬಾಡಿತು. ಪಶುವೈದ್ಯ ಇಲಾಖೆಯಿಂದ ನಿವೃತ್ತರಾದ ವೃದ್ಧರೊಬ್ಬರು ತಮ್ಮ ಹಿತ್ತಿಲಿನಲ್ಲಿ ನಾಲ್ಕೈದು ನಾಯಿಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ನಡೆದುದು ಸ್ವಾಗತವಲ್ಲ, ಪಾಟೀಸವಾಲು! ಹುಚ್ಚುನಾಯಿ ರೋಗದ ಚುಚ್ಚುಮದ್ದು ಯಾವ ದಿನ ಆಯಿತು? ಡಿಸ್ಟೆಂಪರ್, ಪಾರ್ವೊಗಳದು? ಪುಸ್ತಕ ಎಲ್ಲಿ? ಉಣ್ಣಿ ಹತ್ತಿದ್ದುಂಟೆ? ಗುಡುಗಿಗೆ ಅಂಜುವುದೆ? ನೋಡುವ ವೈದ್ಯರು ಯಾರು? ಮರಳಿ ಒಯ್ಯಲು ಬರುವವರು ಯಾರು?

ಮಾಸ್ತರರಿಗೆ ತುಸು ಸಿಟ್ಟು ಬಂದಿತು. ವೃದ್ಧರು ನಿಧಾನವಾಗಿ ತಿಳಿಸಿದರು: ಪಾರ್ವೊ ರೋಗದ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕೂಡಿಟ್ಟ ನಾಯಿಗಳಲ್ಲಿ ಒಂದರ ಕೆಮ್ಮು ಬೇಗನೆ ಎಲ್ಲಕ್ಕೂ ಹರಡುತ್ತದೆ. ಚುಚ್ಚುಮದ್ದು ಹಾಕಿಸಿದ ದಿನವೇ ಅದರ ರಕ್ಷಣೆ ಪೂರ್ಣವಾಗುವುದಿಲ್ಲ. ಬಾಕಿಯಿದ್ದರೆ ಎರಡು ವಾರ ಮೊದಲೇ ಹಾಕಿಸಬೇಕು. ಪುಸ್ತಕವನ್ನು ಕೇಳದೆ ಮೋತಿಯನ್ನು ಸೇರಿಸಿಕೊಂಡವರು, ಅದರ ಪಕ್ಕದ ನಾಯಿಯನ್ನೂ ಕೇಳದೆಯೇ ಸೇರಿಸಿಕೊಂಡಿರುತ್ತಾರೆ.

ಅನಂತರ ಅವರೇ ಹಿತ್ತಿಲನ್ನು ತೋರಿಸಿದರು. ಚಿತ್ರಗಳಿರಲಿಲ್ಲ, ಬೇವಿನ ನೆರಳಿತ್ತು. ನಾಯಿ ಮುಖ್ಯವಾಗಿ ತೇಕಿಯೇ ಮೈಯ ಕಾವನ್ನು ಕಳೆಯಬೇಕಾದುದರಿಂದ, ಬೀದರ ಸೀಮೆಯ ಬೇಸಿಗೆಯಲ್ಲಿ ತಗಡಿನ ಗೂಡು ಪ್ರಾಣಕ್ಕೇ ಎರವಾದೀತು. ನೀರಿನ ಪಾತ್ರೆಗಳು ಶುಚಿಯಾಗಿದ್ದವು. ಎಲ್ಲಕ್ಕೂ ಮಿಗಿಲಾಗಿ, ಒಂದರ ಹಿಂದೊಂದು ಎರಡು ಗೇಟುಗಳಿದ್ದವು. ಒಂದು ಮುಚ್ಚದೆ ಇನ್ನೊಂದನ್ನು ತೆರೆಯುತ್ತಿರಲಿಲ್ಲ. ಮಡದಿ ಎರಡರ ಅಗುಳಿಗಳನ್ನೂ ಎಳೆದು ನೋಡಿದರು. ಏನೂ ಮಾತನಾಡಲಿಲ್ಲ.

ಪ್ರಾಣಿಗೆ ಸಾಕಷ್ಟು ಅನ್ನ, ನೀರು, ನೆರಳು ಒದಗಿಸದಿರುವುದು, ಮೈಯಾಡಿಸಲೂ ಆಗದ ಗೂಡಿನಲ್ಲಿ ಕೂಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ. ಆದರೆ ಮುಚ್ಚಿದ ಬಾಗಿಲ ಹಿಂದೆ ನಡೆದುದಕ್ಕೆ ನಾಯಿ ಸಾಕ್ಷಿ ಹೇಳಲಾರದು. ಅದರ ಪರವಾಗಿ ಒಡೆಯನು ಮೊದಲೇ ನೋಡಬೇಕು. ವೃದ್ಧರ ಸಲಹೆಯಂತೆ ಮೋತಿಯನ್ನು ಒಂದು ರಾತ್ರಿ ಮಾತ್ರ ಬಿಟ್ಟು ನೋಡಿದರು. ಬಳಿಕ ಅದರ ಹಳೆಯ ಕಂಬಳಿ, ತಿನ್ನುವ ಆಹಾರ, ವೈದ್ಯರ ದೂರವಾಣಿ ಸಂಖ್ಯೆಗಳೊಡನೆ ಹತ್ತು ದಿನಕ್ಕೆ ಒಪ್ಪಿಸಿ ಹೈದರಾಬಾದಿಗೆ ನಡೆದರು.

ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತು. ಊರಿಗೆ ಮರಳಿದ ದಿನ ಮೋತಿಯನ್ನು ಕರೆತರಲು ಅಳಿಯನನ್ನು ಕಳುಹಿಸಿದರು. ಒಂದು ತಾಸಿನಲ್ಲಿ ಅವನ ಸಿಟ್ಟಿನ ಕರೆ ಬಂದಿತು: “ಮಾಮಾ, ಈ ಅಜ್ಜಾರು ನಾಯಿ ಕೊಡವಲ್ಲರು! ನಿಮ್ಮ ಚೀಟಿ ಬೇಕಂತ, ಇಲ್ಲಾಂದ್ರ ನೀವು ಮಾತಾಡಬೇಕಂತ.”

ಮಾಸ್ತರರು ಮಾತನಾಡಿದರು. ಫೋನನ್ನು ಕೆಳಗಿಟ್ಟು ನಕ್ಕರು. ಕಪ್ಪು ಕನ್ನಡಕ ಹಾಕಿಕೊಂಡು ಒರಗಿದ್ದ ತಾಯಿ ನಗಲಿಲ್ಲ.

“ಕೇಳದ ಇಟ್ಟುಕೊಂಡವ ಕೇಳದ ಕಳಕೋತಾನ. ಇವರು ಕೇಳ್ಯಾರ” ಎಂದರು, ಆಮೇಲೆ ಸೊಸೆಯನ್ನು ಕರೆದು, ಒಂದು ರೊಟ್ಟಿಯನ್ನು ಬಾಗಿಲ ಬಳಿ ತೆಗೆದಿರಿಸಲು ಹೇಳಿದರು.

ಆ ಸಂಜೆ ಅದನ್ನು ತಿನ್ನುವವನು ಬಂದ.