ಸರ್ವರ್‌ಗೆ ಮನೆ ಬದಲಾಯಿಸಿದ್ವಿ

ವರ್ಚುವಲ್ ಮಷೀನ್ ಅಂದ್ರೆ ಏನು ಅಂತ ಲ್ಯಾಬ್‌ನಲ್ಲಿ ಎಲ್ಲರೂ ಓದಿದ್ದೇವೆ. ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್, ಒಂದೊಂದಕ್ಕೂ ಬೇರೆ ಓಎಸ್, ಬೇರೆ ಡಿಸ್ಕ್. ಎಲ್ಲರಿಗೂ ಜಾಗ ಹಂಚಿ, ಜಗಳ ಆಗದ ಹಾಗೆ ನೋಡಿಕೊಳ್ಳೋದು ಹೈಪರ್‌ವೈಸರ್. ನಮ್ಮ ಹಾಸ್ಟೆಲ್ ವಾರ್ಡನ್ ಥರ ಅಂದ್ಕೊಳ್ಳಿ. ಆದರೆ ಹಾಸ್ಟೆಲ್ಲೇ ಬದಲಾಯಿಸಬೇಕಾಗಿ ಬಂದ್ರೆ ಒಳಗಿದ್ದವರನ್ನು ಸಾಗಿಸೋದು ಹೇಗೆ? ಅದು ಸಿಲಬಸ್‌ನಲ್ಲಿ ಇರಲಿಲ್ಲ. ಕಳೆದ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಮಾಡಿ ಕಲಿತ್ವಿ.

ಸರ್ವರ್ ಅಂದ ತಕ್ಷಣ ದೊಡ್ಡದೇನೋ ಅಂದ್ಕೋಬೇಡಿ. ತಿಪಟೂರಿನಲ್ಲಿ ನಮ್ಮಲ್ಲೊಬ್ಬನ ಮನೆ. ಕೆಳಗೆ ಅಪ್ಪನ ಹಾರ್ಡ್‌ವೇರ್ ಅಂಗಡಿ (ಮೊಳೆ, ಪೈಪು, ಪೇಂಟು ಮಾರೋ ಅಸಲಿ ಹಾರ್ಡ್‌ವೇರ್), ಮೇಲೆ ಟಿವಿ ಸ್ಟ್ಯಾಂಡಿನ ಪಕ್ಕ 16 ಜಿಬಿ ಮೆಮೊರಿಯ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅದರಲ್ಲಿ ಪುಕ್ಕಟೆ ಲೈಸೆನ್ಸಿನ ವಿಎಂವೇರ್ ಇಎಸ್‌ಎಕ್ಸ್‌ಐ 7 ಓಡ್ತಿತ್ತು. ಒಳಗೆ ಮೂರು ವಿಎಂ: ಮನೆಯವರ ಫೋಟೋ ಇಡೋ ಉಬುಂಟು ಒಂದು, ನಮ್ಮ ಪ್ರಾಜೆಕ್ಟಿನ ಉಬುಂಟು ಒಂದು, ಮತ್ತೆ ಅಂಗಡಿ ಲೆಕ್ಕದ ವಿಂಡೋಸ್. ಮೊದಲೆರಡು ಹೋದ್ರೆ ಬೇಜಾರು. ಮೂರನೆಯದು ಹೋದ್ರೆ ಆರು ವರ್ಷದ ಲೆಕ್ಕ, ಸಾಲಗಾರರ ಪಟ್ಟಿ, ಜಿಎಸ್‌ಟಿ ಎಲ್ಲಾ ಹೋಯ್ತು.

ಇನ್ನು ಬದಲಾಯಿಸೋಕೆ ಕಾರಣ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡುಕೊಂಡಿತು. ಒಮ್ಮೆ ಕೊಂಡರೆ ಕಾಯಂ ಅನ್ನೋ ಲೈಸೆನ್ಸ್ ಮಾರಾಟ ನಿಂತು ಚಂದಾ ಪದ್ಧತಿ ಬಂತು. 2024ರ ಫೆಬ್ರವರಿಯಲ್ಲಿ ಪುಕ್ಕಟೆ ಇಎಸ್‌ಎಕ್ಸ್‌ಐ ನಿಂತಿತು. 2025ರ ಏಪ್ರಿಲ್‌ನಲ್ಲಿ 8ನೇ ಆವೃತ್ತಿ ಪುಕ್ಕಟೆಯಾಗಿ ಮತ್ತೆ ಬಂತು. ಅದೇ ಅಕ್ಟೋಬರ್‌ನಲ್ಲಿ 7ನೇ ಆವೃತ್ತಿಯ ಸಪೋರ್ಟ್ ಮುಗಿಯಿತು.

"ಮತ್ತೆ ಪುಕ್ಕಟೆ ಆಯ್ತಲ್ಲ, 8ಕ್ಕೇ ಹೋಗೋಣ" ಅಂತ ನಮ್ಮಲ್ಲೊಬ್ಬ. ಈ ವಾದ ಎರಡು ರಾತ್ರಿ ನಡೀತು. ಕಂಪನಿಯದು ತಪ್ಪು ಅಂತ ಯಾರೂ ಹೇಳಲಿಲ್ಲ. ಅವರ ಸಾಮಾನು, ಅವರಿಷ್ಟ. ಆದರೆ ಇದು ನೆಂಟರು ಬಿಟ್ಟಿಯಾಗಿ ಇರೋಕೆ ಕೊಟ್ಟ ಮನೆ ಇದ್ದ ಹಾಗೆ. ಬಾಡಿಗೆ ಇಲ್ಲ ನಿಜ, ಕರಾರು ಪತ್ರಾನೂ ಇಲ್ಲ. ಖಾಲಿ ಮಾಡಿ ಅಂದ್ರೆ ಮಾಡಬೇಕು, ಮತ್ತೆ ಬನ್ನಿ ಅಂದ್ರೆ ಬರಬೇಕು.

ಕೊನೆಗೆ ಪ್ರಾಕ್ಸ್‌ಮಾಕ್ಸ್ ಆರಿಸಿದ್ವಿ. ಆಸ್ಟ್ರಿಯಾದ ವಿಯೆನ್ನಾದಲ್ಲಿರೋ ಕಂಪನಿಯದು. ಅದೂ ವ್ಯಾಪಾರಾನೇ: ಸಪೋರ್ಟ್ ಮಾರ್ತಾರೆ, ಚಂದಾ ಇಲ್ಲದೆ ಲಾಗಿನ್ ಆದ್ರೆ "ನಿಮಗೆ ಚಂದಾ ಇಲ್ಲ" ಅಂತ ನೆನಪಿಸ್ತಾರೆ. ಆದರೆ ಅದರ ಕೋಡ್ ಮುಕ್ತ ಲೈಸೆನ್ಸಿನಲ್ಲಿದೆ. ಅದರ ಎಂಜಿನ್ ಆದ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್ಲಿನಲ್ಲೇ ಇದೆ. ನಾಳೆ ಈ ಕಂಪನಿ ಮನಸ್ಸು ಬದಲಾಯಿಸಿದ್ರೂ ನಮ್ಮ ಡಿಸ್ಕ್ ಫೈಲನ್ನು ಬೇರೆ ಲಿನಕ್ಸ್ ಮಷೀನಿನಲ್ಲಿ ಓಡಿಸಬಹುದು.

ಅಪ್ಪ ಕೊಟ್ಟ ಟೈಮು ಭಾನುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗ್ಗೆ 9ರವರೆಗೆ. ಮೊದಲು ಹಳೇ ಮನೆಯಲ್ಲೇ ಮಾಡಬೇಕಾದ ಕೆಲಸ ಮುಗಿಸಿದ್ವಿ: ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಅಳಿಸಿ ಡಿಸ್ಕ್ ಒಂದು ಮಾಡೋದು, ವಿಂಡೋಸಿನಿಂದ ವಿಎಂವೇರ್ ಟೂಲ್ಸ್ ತೆಗೆಯೋದು. ಹೊಸ ಜಾಗಕ್ಕೆ ಹೋದ ಮೇಲೆ ಅದನ್ನು ತೆಗೆಯೋದು ತಲೆನೋವು. ಆಮೇಲೆ ವಿಎಂಗಳನ್ನು ಆಫ್ ಮಾಡಿ, ಡಿಸ್ಕ್ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ವಿ. ಎರಡೂ ಕಡೆ ಚೆಕ್‌ಸಮ್ ತೆಗೆದು ಹೋಲಿಸಿದ್ವಿ. ಹಳೇ ಎಸ್‌ಎಸ್‌ಡಿ ಬಿಚ್ಚಿ ಬೀರುವಿನಲ್ಲಿಟ್ಟು, ಹೊಸದೊಂದು ಹಾಕಿ ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಮಾಡಿದ್ವಿ. ಏನೇ ಆದ್ರೂ ಬೆಳಗ್ಗೆ 8ಕ್ಕೆ ಹಳೆಯದನ್ನು ಸಿಕ್ಕಿಸಿದ್ರೆ ಅಂಗಡಿ ನಡೀಬೇಕು ಅನ್ನೋದು ಲೆಕ್ಕ.

ಉಬುಂಟು ಇಂಪೋರ್ಟ್ ಆಗಿ ಬೂಟ್ ಆಯ್ತು, ಆದರೆ ನೆಟ್‌ವರ್ಕ್ ಇಲ್ಲ. ಕಾರಣ ಸಣ್ಣದು. ಹಳೇ ಮನೆಯಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಎಸ್ 192, ಇಲ್ಲಿ ಇಎನ್‌ಎಸ್ 18. ಸೆಟ್ಟಿಂಗ್ ಫೈಲಿನಲ್ಲಿ ಹಳೇ ಹೆಸರೇ ಕೂತಿತ್ತು. ಬದಲಾಯಿಸಿದ್ರೆ ಸರಿಹೋಯ್ತು.

ವಿಂಡೋಸ್‌ಗೆ ತಾಳ್ಮೆ ಬೇಕು. ಪ್ರಾಕ್ಸ್‌ಮಾಕ್ಸಿನಲ್ಲಿ ಡಿಸ್ಕ್ ವೇಗವಾಗಿ ಓಡೋದು ವರ್ಟ್‌ಐಒ ಅನ್ನೋ ಕಂಟ್ರೋಲರಿನಲ್ಲಿ. ಅದರ ಡ್ರೈವರ್ ವಿಂಡೋಸ್‌ನಲ್ಲಿ ಇರಲ್ಲ. ನೇರವಾಗಿ ಕೊಟ್ರೆ ಬೂಟ್ ಡಿಸ್ಕೇ ಕಾಣದೆ ನೀಲಿ ಪರದೆ ಬರುತ್ತೆ. ಅದಕ್ಕೆ ಮೊದಲು ಸಾಟಾ ಡಿಸ್ಕ್ ಅಂತ ತೋರಿಸಿ ಬೂಟ್ ಮಾಡಿದ್ವಿ. ಪಕ್ಕದಲ್ಲಿ 1 ಜಿಬಿಯ ಒಂದು ಖಾಲಿ ವರ್ಟ್‌ಐಒ ಡಿಸ್ಕ್ ಇಟ್ಟು ಡ್ರೈವರ್ ಹಾಕಿದ್ವಿ. ಆಮೇಲೆ ಅಸಲಿ ಡಿಸ್ಕನ್ನೂ ಅದಕ್ಕೆ ಬದಲಾಯಿಸಿದ್ವಿ. ರೂಟರ್ ಹಳೇ ಐಪಿನೇ ಕೊಡಲಿ ಅಂತ ಮ್ಯಾಕ್ ಅಡ್ರೆಸ್ಸನ್ನೂ ಹಾಗೇ ಉಳಿಸಿದ್ವಿ. 00:0ಸಿ:29 ಅಂತ ಶುರುವಾಗೋ ಆ ನಂಬರು ವಿಎಂವೇರ್‌ನದು. ಊರು ಬಿಟ್ಟರೂ ಇನಿಷಿಯಲ್ ಬಿಡಲಿಲ್ಲ ಅಂತ ನಗಾಡಿದ್ವಿ.

ಸೋಮವಾರ 9ಕ್ಕೆ ಅಪ್ಪ ಕೆಳಗಿನ ಲ್ಯಾಪ್‌ಟಾಪಿನಿಂದ ರಿಮೋಟಿನಲ್ಲಿ ಲಾಗಿನ್ ಆಗಿ ಎರಡು ಬಿಲ್ ಹಾಕಿದ್ರು. ಆಮೇಲೆ ಮೆಟ್ಟಿಲ ಹತ್ರ ಬಂದು, "ಅದೇನೋ ಬದಲಾಯಿಸ್ತೀವಿ ಅಂದ್ರಲ್ಲಪ್ಪಾ, ಯಾವಾಗ ಶುರು ಮಾಡ್ತೀರಿ?" ಅಂದ್ರು. ಇಡೀ ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆ ಮಾರ್ಕ್ಸ್ ಯಾರೂ ಕೊಡೋಕಾಗಲ್ಲ.

ಇದೆಲ್ಲ ಆದ ಮೇಲೆ ನಮ್ಮಲ್ಲೊಂದು ಅಭ್ಯಾಸ ಬಂದಿದೆ. ಹೊಸದೇನನ್ನಾದ್ರೂ ಬಳಸೋ ಮುಂಚೆ "ಎಷ್ಟು ದುಡ್ಡು?" ಅನ್ನೋದರ ಜೊತೆಗೆ "ಹೊರಗೆ ಬರೋ ದಾರಿ ಯಾವುದು?" ಅಂತಾನೂ ಕೇಳ್ತೀವಿ. ನೋಟ್ಸ್ ಆಪ್ ಆಗಲಿ, ಫೋಟೋ ಇಡೋ ಜಾಗ ಆಗಲಿ. ಕಾಲೇಜ್ ಮೇಲ್ ಐಡಿಯ ಡ್ರೈವ್ ಕೂಡ ಹಾಗೇ. ನಾಲ್ಕು ವರ್ಷದ ಪ್ರಾಜೆಕ್ಟು, ಫೆಸ್ಟ್ ಫೋಟೋ ಎಲ್ಲಾ ಅದರೊಳಗೆ ತುಂಬ್ತೀವಿ, ಆದರೆ ಆ ಐಡಿ ನಮ್ಮದಲ್ಲ, ಕಾಲೇಜಿನದು. ಫೈನಲ್ ಇಯರ್ ತನಕ ಕಾಯಬೇಡಿ. ಈ ಶನಿವಾರವೇ ಒಂದು ಫೋಲ್ಡರ್ ಹೊರಗೆ ತಂದು, ಬೇರೆ ಕಡೆ ತೆರೆಯುತ್ತಾ ಅಂತ ನೋಡಿ.