ಮರಳಿ ಬರುವ ಟ್ಯಾಗ್

ನಮ್ಮ ಮನೆಯಲ್ಲಿ ಚಾದರದ ಒಂದು ತುಂಡನ್ನೂ ಎಸೆದವರಿಲ್ಲ. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಪವರ್‌ಲೂಮ್‌ಗಳ ಸದ್ದು ಕೇಳುತ್ತ ಬೆಳೆದವರಿಗೆ ಅಂಚಿನ ಪಟ್ಟಿ, ಕಡಿದ ನೂಲು, ಟವೆಲಿನ ಚೂರು ಎಲ್ಲವೂ ಇನ್ನೊಂದು ಕೆಲಸಕ್ಕೆ ಬರುವ ಸಾಮಾನೇ. ಆ ರೂಢಿಯೇ ನನಗೆ ಈ ಹವ್ಯಾಸ ಹಚ್ಚಿತು. ಓಟದ ಸ್ಪರ್ಧೆಗಳಲ್ಲಿ ಸಮಯ ಹಿಡಿಯುವ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ಕೈಯಾರೆ ಕಟ್ಟುತ್ತೇನೆ. ಓಟ ಮುಗಿದ ಮೇಲೆ ಅವನ್ನು ಮರಳಿ ಪಡೆದು, ತೊಳೆದು, ಪರೀಕ್ಷಿಸಿ, ಮುಂದಿನ ಓಟಕ್ಕೆ ಅಣಿಮಾಡುತ್ತೇನೆ. ಇದರಷ್ಟು ಸಂತೋಷ ಕೊಟ್ಟ ಕೆಲಸ ನನಗೆ ಬೇರೊಂದಿಲ್ಲ.

2021ರ ಫೆಬ್ರವರಿಯಲ್ಲಿ ಟೋಲ್ ನಾಕಾಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಇದೇ ಜಾತಿಯದು. ಒಳಗೆ ಬ್ಯಾಟರಿ ಇಲ್ಲ. ಸಾಸಿವೆಗಿಂತ ಸಣ್ಣದಾದ ಒಂದು ಚಿಪ್, ಅದರ ಎರಡೂ ಬದಿಗೆ ಚಾಚಿದ ತೆಳು ಲೋಹದ ಆಂಟೆನಾ, ಅಷ್ಟೇ. ಟ್ಯಾಗ್ ಓದುವ ಯಂತ್ರವಾದ ರೀಡರ್ ಕಳಿಸುವ ರೇಡಿಯೊ ಅಲೆಯಿಂದಲೇ ಚಿಪ್ಪಿಗೆ ಜೀವ ಬರುತ್ತದೆ. ಒಂದು ವ್ಯಾಟ್‌ನ ಲಕ್ಷದಲ್ಲೊಂದು ಪಾಲು ಶಕ್ತಿ ತಲುಪಿದರೂ ಸಾಕು, ತನ್ನೊಳಗಿನ 96 ಬಿಟ್‌ಗಳ ಸಂಖ್ಯೆಯನ್ನು ಹೇಳಿಬಿಡುತ್ತದೆ. ದೊಡ್ಡ ಓಟದಲ್ಲಿ ಹಿಂದಿನ ಸಾಲಿನವರು ಆರಂಭದ ಗೆರೆ ಮುಟ್ಟುವಷ್ಟರಲ್ಲಿ ನಿಮಿಷಗಳೇ ಕಳೆದಿರುತ್ತವೆ. ಟ್ಯಾಗ್ ಇದ್ದರೆ ಅವರವರ ಗಡಿಯಾರ ಅವರವರ ಹೆಜ್ಜೆಯಿಂದಲೇ ಶುರುವಾಗುತ್ತದೆ. ಮೊದಲು ಬಂದವನಿಗೆ ಸಿಗುವ ನ್ಯಾಯ ಕೊನೆಗೆ ಬಂದವಳಿಗೂ ಸಿಗುತ್ತದೆ. ಈ ಮಾತು ನನಗೆ ಬಹಳ ಮುಖ್ಯ.

ಈಗಿನ ಟ್ಯಾಗ್‌ಗಳು ಬಿಬ್‌ನ, ಅಂದರೆ ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಹಾಳೆಯ, ಹಿಂದೆ ಅಂಟಿ ಬರುತ್ತವೆ, ಒಂದೇ ಓಟಕ್ಕೆ ಮುಗಿಯುತ್ತವೆ. ಮೊದಲು ಹೀಗಿರಲಿಲ್ಲ. 1996ರಲ್ಲಿ ಬೋಸ್ಟನ್ ಮ್ಯಾರಥಾನ್ ತನ್ನ ನೂರನೆಯ ಓಟ ನಡೆಸಿದಾಗ ಓಟಗಾರರು ಬೂಟಿನ ಲೇಸಿಗೆ ಕಟ್ಟಿಕೊಂಡದ್ದು ಚಾಂಪಿಯನ್‌ಚಿಪ್ ಎಂಬ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನು. ಅದು ಮತ್ತೆ ಮತ್ತೆ ಬಳಸುವಂಥದು. ಆಮೇಲೆ ಟ್ಯಾಗ್ ಅಗ್ಗವಾಯಿತು, ಬಿಸಾಡುವುದು ಸಲೀಸಾಯಿತು. ಕೋವಿಡ್ ಬಂದು ಓಟಗಳೇ ನಿಂತವು. ಅವು ಮರಳಿ ಶುರುವಾಗುವ ಹೊತ್ತಿಗೆ ಜಗತ್ತಿನಲ್ಲಿ ಚಿಪ್ ಬರಗಾಲ. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಚಿಪ್ ಕಾರ್ಖಾನೆಗಳು ಮುಚ್ಚಿದವು, ಮಾರ್ಚ್‌ನಲ್ಲಿ ಜಪಾನಿನ ನಾಕಾ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು, ತೈವಾನಿನಲ್ಲಿ ಮಳೆ ಕೈಕೊಟ್ಟು ಚಿಪ್ ಕಾರ್ಖಾನೆಗಳಿಗೆ ನೀರಿನ ಕೊರತೆಯಾಯಿತು. ಅದರ ಬಿಸಿ ನಮ್ಮ ಊರಿನ ಹತ್ತು ಕಿಲೋಮೀಟರ್ ಓಟದವರೆಗೂ ಬಂತು. ಹೊಸ ಟ್ಯಾಗ್ ಸಿಗದು, ಸಿಕ್ಕರೂ ಬೆಲೆ ಕೈಗೆಟುಕದು. ಹಳೆಯ ಓಟಗಳ ಬಿಬ್‌ಗಳು ಮಾತ್ರ ಗೆಳೆಯರ ಮನೆಗಳಲ್ಲಿ ಗೋಡೆಗೆ ತೂಗಾಡುತ್ತಿದ್ದವು. ಅವುಗಳ ಬೆನ್ನಿಗೆ ಅಂಟಿಕೊಂಡ ಚಿಪ್‌ಗಳು ಇನ್ನೂ ಜೀವಂತ ಇದ್ದವು.

ಅಲ್ಲಿಂದ ಮುಂದಿನದೇ ನನ್ನ ಪ್ರೀತಿಯ ಭಾಗ. ಹಳೆಯ ಟ್ಯಾಗನ್ನು ಬೆಳಕಿಗೆ ಹಿಡಿದರೆ ಉದ್ದನೆಯ ಲೋಹದ ರೆಕ್ಕೆಗಳ ನಡುವೆ ಸಣ್ಣದೊಂದು ಉಂಗುರ ಕಾಣುತ್ತದೆ. ಚಿಪ್ ಕೂತಿರುವುದು ಆ ಉಂಗುರದ ಮೇಲೆ. ಬಿಬ್ ಮಡಚಿ ಮಡಚಿ ರೆಕ್ಕೆ ಮುರಿದಿರುತ್ತದೆ, ಉಂಗುರ ಮಾತ್ರ ಬಹುಪಾಲು ಗಟ್ಟಿ. ಕಸೂತಿಯ ಚಿಕ್ಕ ಕತ್ತರಿಯಿಂದ ಅದರ ಸುತ್ತ ಕೂದಲೆಳೆಯಷ್ಟು ಅಂಚು ಬಿಟ್ಟು ಕತ್ತರಿಸಿ ತೆಗೆಯುತ್ತೇನೆ. ಈಗ ಅದನ್ನು ರೀಡರಿನ ಎದುರು ಹಿಡಿದರೆ ಕೆಲವೇ ಬೆರಳಿನ ಅಂತರದಲ್ಲಿ ಮಾತ್ರ ದನಿ ಕೇಳುತ್ತದೆ. ತಾಮ್ರದ ಅಂಟುಪಟ್ಟಿಯಿಂದ ಮಾಡಿದ ಹೊಸ ಆಂಟೆನಾದ ಪಕ್ಕಕ್ಕೆ ಉಂಗುರವನ್ನು ಮೆಲ್ಲಗೆ ಜರುಗಿಸುತ್ತೇನೆ. ಬೆಸುಗೆ ಬೇಡ, ತಂತಿ ಬೇಡ. ಒಂದನ್ನೊಂದು ಮುಟ್ಟಬೇಕಾಗಿಯೂ ಇಲ್ಲ. ಉಂಗುರದ ಕಾಂತಕ್ಷೇತ್ರವೇ ಆಂಟೆನಾದೊಂದಿಗೆ ಕೂಡಿಕೊಳ್ಳುತ್ತದೆ. ಮಿಲಿಮೀಟರಿನಷ್ಟು ಆಚೀಚೆ ಮಾಡುತ್ತಿದ್ದಂತೆ ಪರದೆಯ ಮೇಲೆ ಸಂಕೇತದ ಬಲ ಏರುತ್ತದೆ, ಒಂದು ಜಾಗದಲ್ಲಿ ಥಟ್ಟನೆ ತುದಿ ಮುಟ್ಟುತ್ತದೆ. ಬೆರಳಳತೆಯಲ್ಲಿ ಪಿಸುಗುಟ್ಟುತ್ತಿದ್ದ ಚಿಪ್ ಈಗ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಕೇಳಿಸುತ್ತದೆ. ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ.

ಆಂಟೆನಾದ ಉದ್ದಕ್ಕೂ ಲೆಕ್ಕವುಂಟು. ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ ಆವರ್ತನ 865ರಿಂದ 867 ಮೆಗಾಹರ್ಟ್ಸ್. ಆ ಅಲೆಯ ಅರ್ಧ ಉದ್ದ ಸುಮಾರು 17.3 ಸೆಂಟಿಮೀಟರ್. ಅಮೆರಿಕದಲ್ಲಿ 915ರ ಆಸುಪಾಸು, ಹಾಗಾಗಿ ಅಲ್ಲಿನ ಅಳತೆ ಒಂದು ಸೆಂಟಿಮೀಟರಿನಷ್ಟು ಕಡಿಮೆ. ಪ್ಲಾಸ್ಟಿಕ್ಕು, ಫೋಮು ಸುತ್ತ ಸೇರಿದಂತೆ ಬೇಕಾದ ಉದ್ದ ಇನ್ನೂ ಇಳಿಯುತ್ತದೆ. ಅದಕ್ಕೇ ಮೊದಲು ಉದ್ದವಾಗಿ ಇಟ್ಟುಕೊಂಡು, ಎರಡೂ ತುದಿಯಲ್ಲಿ ಚೂರು ಚೂರೇ ಕತ್ತರಿಸುತ್ತ ಬರಬೇಕು. ಸೀರೆಯ ಜರಿಯಿಂದಲೂ ಆಂಟೆನಾ ಹೊಲಿದು ನೋಡಿದ್ದೇನೆ. ಹೊಳೆಯುವ ಪಾಲಿಯೆಸ್ಟರ್ ಜರಿಯಲ್ಲಿ ಕರೆಂಟು ಹರಿಯುವುದಿಲ್ಲ. ತಾಮ್ರದ ಸಣ್ಣ ಪಟ್ಟಿಯನ್ನು ನೂಲಿಗೆ ಸುತ್ತಿದ ಹಳೆಯ ಕಾಲದ ಜರಿಯಲ್ಲಿ ಹರಿಯುತ್ತದೆ. ತಾಮ್ರದ ಪಟ್ಟಿಯಷ್ಟು ದೂರ ಅದು ಕೇಳಿಸದು, ಆದರೆ ಬಟ್ಟೆಯಂತೆ ಬಾಗುತ್ತದೆ, ಮಡಚಿದರೂ ಮುರಿಯದು. ಆಸ್ಪತ್ರೆ, ಹೋಟೆಲುಗಳ ಚಾದರಕ್ಕೆ ಹೊಲಿಯುವ ಲಾಂಡ್ರಿ ಟ್ಯಾಗ್‌ಗಳಲ್ಲಿ ಉಕ್ಕಿನ ಸಣ್ಣ ದಾರ ಬಳಸುವುದೂ ಇದೇ ಕಾರಣಕ್ಕೆ. ಚಾದರದ ಊರಿನವನಿಗೆ ಇದು ತಿಳಿದಾಗ ಆದ ಹಿಗ್ಗು ದೊಡ್ಡದು.

ಇನ್ನು ಬೆವರು. ಬಿಸಿಲಿಗೆ ಹೆಸರಾದ ಊರು ನಮ್ಮದು, ಜನವರಿಯಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ ಮುಗಿಯುತ್ತಿದ್ದಂತೆ ಬಿಸಿಲು ಏರತೊಡಗುತ್ತದೆ. ನೀರು ಈ ಅಲೆಗಳನ್ನು ಹೀರುತ್ತದೆ, ಮನುಷ್ಯನ ಮೈ ಬಹುಪಾಲು ನೀರೇ. ಟ್ಯಾಗ್ ಮೈಗೆ ಅಂಟಿದರೆ ಮೂಕವಾಗುತ್ತದೆ. ಟವೆಲಿನ ಬಟ್ಟೆಯನ್ನು ಹಿಂದೆ ಇಟ್ಟರೆ ಅದೇ ಬೆವರು ಕುಡಿದು ಕೂರುತ್ತದೆ. ಚಪ್ಪಲಿ ಮಾಡುವವರ ಹತ್ತಿರ ಸಿಗುವ ಇವಿಎ ಫೋಮ್ ಶೀಟು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ರಂಧ್ರಗಳು ಮುಚ್ಚಿರುವುದರಿಂದ ನೀರು ಒಳಗೆ ಇಳಿಯದು. ಆಂಟೆನಾ ಮತ್ತು ಉಂಗುರವನ್ನು ಲ್ಯಾಮಿನೇಷನ್ ಹಾಳೆಯ ನಡುವೆ ಸೇರಿಸಿ, ಸುತ್ತಲೂ ಅಂಚು ಬಿಟ್ಟು ಕತ್ತರಿಸಿ, ಇವಿಎ ಪಟ್ಟಿಗೆ ಅಂಟಿಸುತ್ತೇನೆ. ಅಂಚು ಕಡಿಮೆಯಾದರೆ ಬೆವರಿನ ಉಪ್ಪು ಒಳಹೊಕ್ಕು ತಾಮ್ರಕ್ಕೆ ಹಸಿರು ಹಿಡಿಸುತ್ತದೆ. ಮೇಲೊಂದು ವೆಲ್ಕ್ರೋ ಪಟ್ಟಿ, ಅದರ ಮೇಲೆ ಅಳಿಸದ ಶಾಯಿಯಲ್ಲಿ ನಂಬರು. ಬಿಬ್‌ನ ಕೆಳ ಅಂಚಿನ ಒಳಗೆ ಟ್ಯಾಗ್ ಕೂರುತ್ತದೆ.

ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಓಟ ಇಟ್ಟಾಗ ಈ ಟ್ಯಾಗ್‌ಗಳ ಪೆಟ್ಟಿಗೆ ಹೊತ್ತು ಹೋಗುತ್ತೇನೆ. ಅಕ್ಕಲಕೋಟೆಯ ಸಂತ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಸೊಲ್ಲಾಪುರದಿಂದ ನಡೆದು ಬರುವ ಜನರ ಸೀಮೆ ಅದು, ಅಲ್ಲಿನ ಕಾಲುಗಳಿಗೆ ದೂರ ಹೊಸದಲ್ಲ. ಕನ್ನಡ ಶಾಲೆಯ ಮಕ್ಕಳು, ಜೋಳದ ಹೊಲದಿಂದ ನೇರ ಬಂದ ಹುಡುಗರು, ಸೀರೆ ಕಚ್ಚೆ ಹಾಕಿ ಓಡುವ ತಾಯಂದಿರು, ಎಲ್ಲರೂ ಗೆರೆಯ ಹತ್ತಿರ ಒಟ್ಟಿಗೆ ನುಗ್ಗುತ್ತಾರೆ. ಟ್ಯಾಗ್‌ಗಳೆಲ್ಲ ಒಮ್ಮೆಗೇ ಮಾತಾಡಿದರೆ ಗದ್ದಲವಾಗಬೇಕಲ್ಲ? ಆಗುವುದಿಲ್ಲ. ಪ್ರತಿ ಚಿಪ್ಪೂ ತನಗೆ ತೋಚಿದ ಒಂದು ಅಂಕಿ ಹಿಡಿದು ಕೂರುತ್ತದೆ, ರೀಡರ್ ಸರದಿ ಕೂಗುತ್ತ ಹೋದಂತೆ ತನ್ನ ಅಂಕಿ ಸೊನ್ನೆಗೆ ಇಳಿದಾಗ ಮಾತ್ರ ಉತ್ತರಿಸುತ್ತದೆ. ಇಬ್ಬರು ಒಟ್ಟಿಗೆ ಕೂಗಿದರೆ ಮತ್ತೆ ಸರದಿ. ಸೆಕೆಂಡಿನಲ್ಲಿ ನೂರಾರು ಟ್ಯಾಗ್ ಹೀಗೆ ಓದಿಸಿಕೊಳ್ಳುತ್ತವೆ. ಅಂಥ ಶಿಸ್ತು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ಗೆರೆ ದಾಟಿದವರು ನೇರ ನೀರಿನ ಡ್ರಮ್ಮಿನ ಕಡೆ ಹೋಗುವಂತಿಲ್ಲ, ಮೊದಲು ನನ್ನ ಮೇಜಿನ ಹತ್ತಿರ ಬರಬೇಕು. ಏದುಸಿರಿನಲ್ಲೇ ಬಿಬ್‌ನ ಅಂಚು ಎತ್ತಿ, ಚರ್ರೆಂದು ವೆಲ್ಕ್ರೋ ಕಿತ್ತು ಟ್ಯಾಗ್ ಕೈಗಿಡುತ್ತಾರೆ. ಆ ಒಂದು ಗಳಿಗೆಯಲ್ಲಿ ಪ್ರತಿಯೊಬ್ಬರ ಮುಖ ಕಾಣುತ್ತೇನೆ, ಅವರ ಸಮಯವನ್ನು ಬಾಯಾರೆ ಹೇಳುತ್ತೇನೆ. ಶಾಲೆಯ ಹುಡುಗಿ ಕಿವಿಗೊಟ್ಟು ಕೇಳಿ, ಹೋದ ಸಲಕ್ಕಿಂತ ಎಷ್ಟು ಕಡಿಮೆಯೆಂದು ತಾನೇ ಲೆಕ್ಕ ಹಾಕುತ್ತಾಳೆ. ಬಿಸಾಡುವ ಟ್ಯಾಗ್ ಇದ್ದಿದ್ದರೆ ಈ ಭೇಟಿಯೇ ಇರುತ್ತಿರಲಿಲ್ಲ, ಓಟಗಾರರು ಪರದೆಯ ಮೇಲಿನ ಸಾಲುಗಳಾಗಿ ಹಾದುಹೋಗುತ್ತಿದ್ದರು. ಕೊರತೆ ನನಗೆ ಕೊಟ್ಟ ದೊಡ್ಡ ಲಾಭ ಇದೇ. ವಸ್ತು ಮರಳಿ ಬರಬೇಕಾದರೆ ಅದನ್ನು ಕೊಟ್ಟವರಿಗೂ ಪಡೆದವರಿಗೂ ನಡುವೆ ಒಂದು ನಂಬಿಕೆ ಬೇಕು. ಆ ನಂಬಿಕೆಯ ಮೇಲೆ ಓಟ ಊರಿನದಾಗುತ್ತದೆ.

ಸಂಜೆ ಮನೆಗೆ ಬಂದು ಟ್ಯಾಗ್‌ಗಳನ್ನು ಸೋಪಿನ ನೀರಲ್ಲಿ ಅದ್ದಿ, ಮೆತ್ತನೆ ಟವೆಲಿನಿಂದ ಒರೆಸಿ, ನೆರಳಿನಲ್ಲಿ ಒಣಗಿಸುತ್ತೇನೆ. ಆಮೇಲೆ ಒಂದೊಂದನ್ನೇ ರೀಡರಿನ ಎದುರಿಟ್ಟು ಸಂಕೇತದ ಬಲವನ್ನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ದನಿ ಕುಗ್ಗಿದ ಟ್ಯಾಗನ್ನು ಬಿಚ್ಚಿ, ಉಂಗುರ ಉಳಿಸಿಕೊಂಡು ಹೊಸ ಆಂಟೆನಾ ಕಟ್ಟುತ್ತೇನೆ.

ಚಿಪ್ ಬರಗಾಲ ತೀರಿ ಅಂಗಡಿಯ ಟ್ಯಾಗ್ ಈಗ ಮತ್ತೆ ಸುಲಭವಾಗಿ ಸಿಗುತ್ತದೆ. ನಾನು ಮಾತ್ರ ನನ್ನದನ್ನೇ ಕಟ್ಟುತ್ತೇನೆ. ಮುಂದಿನ ಚಳಿಗಾಲದ ಓಟಗಳಿಗೆ ಮೊದಲು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯ ಮೇಲಿನ ತರಗತಿಯ ಮಕ್ಕಳಿಗೆ ಈ ಕೆಲಸ ಕಲಿಸಬೇಕೆಂದಿದ್ದೇನೆ. ಕತ್ತರಿ, ತಾಮ್ರದ ಪಟ್ಟಿ, ಇವಿಎ ಶೀಟು ನಾನು ಒಯ್ಯುತ್ತೇನೆ. ಹಳೆಯ ಬಿಬ್‌ಗಳನ್ನು ಅವರೇ ಊರೂರಿನಿಂದ ಕೂಡಿಸಲಿ. ತಮ್ಮ ಓಟದ ಸಮಯ ಹಿಡಿಯುವ ಸಾಧನವನ್ನು ತಾವೇ ಕಟ್ಟಿದ ಮಕ್ಕಳಿಗೆ ಆ ಸಮಯದ ಬೆಲೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ.