ಬೇರೆ ತಟ್ಟೆ

ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ಮುಗಿಸಿ ದೇವದುರ್ಗಕ್ಕೆ ಮರಳಿದ ದೊಡ್ಡವ್ವನ ಎದೆಯ ಮೇಲೆ ಕೆಲವೇ ತಿಂಗಳಲ್ಲಿ ನೀರುಗುಳ್ಳೆಗಳೆದ್ದವು. ಮಾನ್ವಿಯ ಬೀಗರು ಸರ್ಪಸುತ್ತೆಂದು ಕೆಮ್ಮಣ್ಣು ಹಚ್ಚಿಸಿದರು. ಅಂಟೀತೆಂಬ ಭಯಕ್ಕೆ ಮನೆಯಲ್ಲಿ ಅವಳ ತಟ್ಟೆ, ಲೋಟ ಬೇರೆಯಾದವು.

ರಾಯಚೂರಿನಲ್ಲಿ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ರೋಗದ ಹೆಸರು ತಿಳಿಯಿತು: ಬುಲ್ಲಸ್ ಪೆಂಫಿಗಾಯ್ಡ್. ಪಿಎಚ್.ಡಿ. ಓದು ಬದಿಗಿಟ್ಟು ಅದರ ಬಗ್ಗೆ ಓದಿದೆ. 1953ರಲ್ಲಿ ವಾಲ್ಟರ್ ಲೀವರ್ ಇದನ್ನು ಪೆಂಫಿಗಸ್‌ನಿಂದ ಬೇರೆಯಾದ ರೋಗವೆಂದು ಗುರುತಿಸಿದರು. ಚರ್ಮದ ಮೇಲ್ಪದರವನ್ನು ಒಳಪದರಕ್ಕೆ ಬಿಗಿದಿಡುವ ಪ್ರೋಟೀನುಗಳನ್ನು ದೇಹವೇ ಪರಕೀಯವೆಂದು ತಿಳಿದು ದಾಳಿ ಮಾಡುತ್ತದೆ. ಪದರಗಳ ನಡುವೆ ನೀರು ತುಂಬುತ್ತದೆ. ಅಪರೂಪಕ್ಕೆ ವಿಕಿರಣವೂ ಇದನ್ನು ಕೆರಳಿಸುತ್ತದೆ. ಇದು ಯಾರಿಗೂ ಅಂಟುವುದಿಲ್ಲ.

ಸ್ಟಿರಾಯ್ಡ್‌ಗೆ ಗುಳ್ಳೆಗಳು ಒಣಗಿದವು. ಅಂಟುರೋಗವಲ್ಲವೆಂದು ಮನೆಯವರೂ ಒಪ್ಪಿದರು. ಈಗ ತಟ್ಟೆಯನ್ನು ಬೇರೆ ಇಡುವವಳು ದೊಡ್ಡವ್ವನೇ. ಯಾಕವ್ವಾ ಎಂದರೆ, “ಇರ್ಲಿ ಬಿಡು” ಅಂತಾಳೆ.